ಪ್ಯಾರಿಸ್ ಆಯ್ತು, ಇನ್ನು ಹಳ್ಳಿ ಕಡೆ: ಲೊಟ್, ದೋರ್ದೋನ್, ಅವೆರೋನ್, ಲೊಜೇರ್ – ಯಾವುದಕ್ಕೆ ಹೋಗೋದು?

ಬೇಸಿಗೆ ಹತ್ತಿರ ಬಂದರೆ ಸಾಕು, ನನಗೆ ಒಂದೇ ಥರದ ಪ್ರಶ್ನೆಗಳು ಶುರು. "ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ, ಪ್ಯಾರಿಸ್ ಎರಡು ಸಲ ಆಯ್ತು, ಈ ಸಲ ಎಲ್ಲಾದರೂ ಹಳ್ಳಿ ಕಡೆ ಒಂದು ವಾರ ಇದ್ದು ಬರೋಣ ಅಂತ. ದೋರ್ದೋನ್ ಒಳ್ಳೇದಾ, ಲೊಟ್ ಒಳ್ಳೇದಾ? ಲೊಜೇರ್ ಅಂತಾರಲ್ಲ, ಅದು ಹೇಗೆ?" ವಿಮಾನ ಕಂಪನಿಗಳ ಕೆಲಸಕ್ಕೆ ಅಂತ ಬೆಂಗಳೂರಿನಿಂದ ದಕ್ಷಿಣ ಫ್ರಾನ್ಸಿನ ತುಲೂಜ್‌ಗೆ ಬಂದು ಉಳಿದವರಲ್ಲಿ ನಾನೂ ಒಬ್ಬ. ಇಲ್ಲಿಂದ ಲೊಟ್ ಒಂದು ಗಂಟೆ ಚಿಲ್ಲರೆ, ಲೊಜೇರ್ ಮೂರು ಗಂಟೆ. ವಾರಾಂತ್ಯ ಬಂದರೆ ಕಾರು ಹತ್ತೋದು ಅಭ್ಯಾಸವಾಗಿಬಿಟ್ಟಿದೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳೋ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಈ ಹೆಸರುಗಳ ಗೊಂದಲ. ಇವೆಲ್ಲ ದೆಪಾರ್ತ್‌ಮಾಂಗಳು, ಅಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆಗಳಿದ್ದಂತೆ. ಕ್ರಾಂತಿಯ ಮರುವರ್ಷ, 1790ರಲ್ಲಿ, ಹಳೇ ಪ್ರಾಂತ್ಯಗಳನ್ನು ಒಡೆದು 83 ಮಾಡಿದರು. ಯಾವ ಮೂಲೆಯಿಂದ ಹೊರಟರೂ ಕುದುರೆ ಮೇಲೆ ಒಂದು ದಿನದಲ್ಲಿ ಜಿಲ್ಲಾ ಕೇಂದ್ರ ಮುಟ್ಟಬೇಕು ಅನ್ನೋದು ಆಗಿನ ಲೆಕ್ಕ. ಈಗ 101 ಇವೆ, ಅದರಲ್ಲಿ 5 ಸಮುದ್ರದಾಚೆ. ನಮ್ಮ ಡಿಸಿ ಥರ ಇಲ್ಲಿ ಸರ್ಕಾರ ನೇಮಿಸುವ ಪ್ರೆಫೆ, ಜಿಲ್ಲಾ ಪಂಚಾಯಿತಿ ಥರ ಜನ ಆರಿಸಿದ ಒಂದು ಕೌನ್ಸಿಲ್. ಪ್ರತಿ ಜಿಲ್ಲೆಗೂ ಒಂದು ನಂಬರ್: ಅವೆರೋನ್ 12, ದೋರ್ದೋನ್ 24, ಲೊಟ್ 46, ಲೊಜೇರ್ 48. ಪಿನ್ ಕೋಡ್ ಶುರುವಾಗೋದೇ ಅದರಿಂದ. ಕಾರಿನ ನಂಬರ್ ಪ್ಲೇಟಿನ ಬಲತುದಿಯಲ್ಲೂ ಅದಿರುತ್ತದೆ. ಆದರೆ 2009ರಿಂದ ನಿಮಗಿಷ್ಟವಾದ ಜಿಲ್ಲೆಯ ನಂಬರ್ ಹಾಕಿಸಿಕೊಳ್ಳಬಹುದು, ಹಾಗಾಗಿ ಪ್ಯಾರಿಸ್‌ನಲ್ಲೇ ಇದ್ದು ಊರಿನ ಅಭಿಮಾನಕ್ಕೆ 12 ಅಂತ ಹಾಕಿಕೊಂಡು ಓಡಾಡುವ ಅವೆರೋನ್‌ನವರು ಸಿಗುತ್ತಾರೆ.

ಇನ್ನು ಹೆಸರಿಟ್ಟಿರೋದು ಹೊಳೆ, ಬೆಟ್ಟಗಳ ಮೇಲೆ. ಎಡವಟ್ಟಾಗೋದು ಇಲ್ಲೇ. ದೋರ್ದೋನ್ ಹೊಳೆ ಲೊಟ್ ಜಿಲ್ಲೆಯಲ್ಲೂ ಹರಿಯುತ್ತದೆ. ಲೊಟ್ ಹೊಳೆ ಹುಟ್ಟೋದು ಲೊಜೇರ್‌ನಲ್ಲಿ, ಅವೆರೋನ್ ದಾಟಿಕೊಂಡು ಲೊಟ್‌ಗೆ ಬರುತ್ತದೆ. "ದೋರ್ದೋನ್ ಕಣಿವೆಯಲ್ಲಿ ಮನೆ" ಅನ್ನೋ ಜಾಹೀರಾತು ನೋಡಿ ಬುಕ್ ಮಾಡಿದರೆ ಅದು ಬೇರೆ ಜಿಲ್ಲೆಯಲ್ಲಿ, ಆದಿಮಾನವರ ಚಿತ್ರಗಳಿರುವ ಲಾಸ್ಕೋ ಗುಹೆಯಿಂದ ಒಂದೂವರೆ ಗಂಟೆ ದೂರದಲ್ಲಿ ಇರಬಹುದು. ಬುಕ್ ಮಾಡೋ ಮೊದಲು ಪಿನ್ ಕೋಡ್ ನೋಡಿ.

ಹೇಗೆ ಆರಿಸೋದು ಅಂದರೆ, "ನೋಡೋದಕ್ಕೆ ಏನೇನಿದೆ" ಅನ್ನೋ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಒಂದು ವಾರಕ್ಕೆ ಸಾಕಾಗುವಷ್ಟು ನಾಲ್ಕರಲ್ಲೂ ಇದೆ. ನಾನು ಮೊದಲು ಕೇಳೋದು, ಕಾರು ಓಡಿಸ್ತೀರಾ ಅಂತ. ಇಲ್ಲ ಅಂದರೆ ಅರ್ಧ ಪಟ್ಟಿ ಅಲ್ಲೇ ಕತ್ತರಿಸಿಹೋಯಿತು. ಎರಡನೆಯದು ಜೊತೆಗೆ ಯಾರು: ಮಂಡಿ ನೋವಿನ ಅಮ್ಮನಾ, ಆರು ವರ್ಷದ ಮಗುವಾ, ನಡೆಯೋ ಹುಚ್ಚಿನ ಗೆಳೆಯರಾ. ಮೂರನೆಯದು ಊಟ. ಸಸ್ಯಾಹಾರಿಗಳಾದರೆ ಇದು ಚಿಕ್ಕ ವಿಷಯ ಅಲ್ಲವೇ ಅಲ್ಲ. ಆಮೇಲೆ ಯಾವ ತಿಂಗಳು. ದುಡ್ಡಿನ ಪ್ರಶ್ನೆ ಹೆಚ್ಚು ಕಡಿಮೆ ಇದರೊಳಗೇ ಬರುತ್ತದೆ, ಯಾಕೆಂದರೆ ಜೂನ್‌ನಲ್ಲಿ ಸಿಗುವ ಮನೆಗೆ ಆಗಸ್ಟ್‌ನಲ್ಲಿ ಕೇಳೋ ಬಾಡಿಗೆಯೇ ಬೇರೆ.

ಕಾರಿನ ಬಗ್ಗೆ ಇಲ್ಲೇ ಹೇಳಿ ಮುಗಿಸುತ್ತೇನೆ. ಊರಿಂದ ಬರುವವರು ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಬರಲಿ. ಬಾಡಿಗೆ ಕಾರುಗಳಲ್ಲಿ ಅಗ್ಗದವು ಗೇರ್ ಇರುವಂಥವು, ಆಟೊಮ್ಯಾಟಿಕ್ ಬೇಕಾದರೆ ಮೊದಲೇ ಹೇಳಬೇಕು, ದುಡ್ಡೂ ಜಾಸ್ತಿ. ಬಲಗೈಯಲ್ಲಿ ಗೇರ್ ಹಾಕೋದು ಒಂದು ಗಂಟೆಯಲ್ಲಿ ರೂಢಿಯಾಗುತ್ತದೆ. ರೂಢಿಯಾಗದೇ ಇರೋದು ಹಳ್ಳಿಯೊಳಗಿನ ಒಂದು ನಿಯಮ: ಬೋರ್ಡ್ ಏನೂ ಇಲ್ಲದ ಕಡೆ ಬಲಗಡೆಯ ಓಣಿಯಿಂದ ಬರುವವನಿಗೆ ನೀವು ನಿಲ್ಲಬೇಕು, ನಿಮ್ಮದು ದೊಡ್ಡ ರಸ್ತೆ ಅಂತ ಕಂಡರೂ ಸರಿ. ಸಣ್ಣ ರಸ್ತೆಗಳಿಗೆ 2018ರಿಂದ ಗಂಟೆಗೆ 80 ಕಿ.ಮೀ. ಮಿತಿ. ಆಮೇಲೆ ಕೆಲವು ಜಿಲ್ಲೆಗಳು ತಮ್ಮ ರಸ್ತೆಗಳಲ್ಲಿ 90ಕ್ಕೆ ವಾಪಸ್ ತಂದವು. ಜಿಲ್ಲೆ ಬದಲಾದಾಗ ಬೋರ್ಡ್ ನೋಡಿಕೊಳ್ಳಿ.

ದೋರ್ದೋನ್: ಎಲ್ಲ ಇದೆ, ಜನವೂ ಇದ್ದಾರೆ

ಹೆಸರು ಕೇಳಿದ್ದೀರಿ ಅಂದರೆ ಅದು ಇದೇ ಇರುತ್ತದೆ. 9,060 ಚದರ ಕಿ.ಮೀ.ಯ ದೊಡ್ಡ ಜಿಲ್ಲೆ, ಜನಸಂಖ್ಯೆ 4 ಲಕ್ಷದ ಮೇಲೆ, ಕೇಂದ್ರ ಪೆರಿಗೋ. ನೋಡೋ ಜಾಗಗಳೆಲ್ಲ ಆಗ್ನೇಯ ಮೂಲೆಯಲ್ಲಿ ಒತ್ತೊತ್ತಾಗಿವೆ: ಸರ್ಲಾ ಊರು, ಹೊಳೆಯ ಎದುರುಬದುರು ದಂಡೆಯಲ್ಲಿ ಬೇನಾಕ್ ಮತ್ತು ಕಾಸ್ತೆಲ್ನೋ ಕೋಟೆಗಳು, ಬಂಡೆಗೆ ಅಂಟಿಕೊಂಡ ಲಾ ರೋಕ್ ಗಜಾಕ್, ಮೇಲುಗಡೆ ವೆಜೇರ್ ಕಣಿವೆಯ ಗುಹೆಗಳು. ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಕಾರಿನಲ್ಲಿ ಕೂರದೆ ಐದು ದಿನ ಕಳೆಯಬಹುದು. ಮಕ್ಕಳಿರುವವರಿಗೆ ಇದು ದೊಡ್ಡ ಅನುಕೂಲ.

ಕಾರು ಇಲ್ಲದವರಿಗೂ ಇಲ್ಲೊಂದು ದಾರಿ ಇದೆ. ಬೋರ್ಡೋದಿಂದ ಸರ್ಲಾಗೆ ನೇರ ರೈಲು ಇದೆ, ಊರೊಳಗೆ ನಡೆದೇ ನೋಡಬಹುದು. ಬುಧವಾರ, ಶನಿವಾರ ಸಂತೆ. ಶನಿವಾರದ್ದು ದೊಡ್ಡದು.

ಲಾಸ್ಕೋ ಬಗ್ಗೆ ಒಂದು ಮಾತು, ಹೋದಮೇಲೆ ಬೇಜಾರಾಗೋದು ಬೇಡ. 1940ರ ಸೆಪ್ಟೆಂಬರ್‌ನಲ್ಲಿ ನಾಲ್ಕು ಜನ ಹುಡುಗರ ಕಣ್ಣಿಗೆ ಬಿದ್ದ ಗುಹೆ ಅದು. ನೋಡಲು ಬಂದವರ ಉಸಿರಿನಿಂದಲೇ ಚಿತ್ರ ಹಾಳಾಗತೊಡಗಿತು ಅಂತ 1963ರಲ್ಲಿ ಮುಚ್ಚಿದರು. ಈಗ ನೀವು ನೋಡೋದು 2016ರ ಕೊನೆಗೆ ಮೋಂತಿನ್ಯಾಕ್‌ನಲ್ಲಿ ತೆರೆದ ಪೂರ್ತಿ ನಕಲು. ಅದ್ಭುತವಾಗಿ ಮಾಡಿದ್ದಾರೆ, ಮಕ್ಕಳಿಗೂ ವಯಸ್ಸಾದವರಿಗೂ ಸುಲಭ. ಆದರೂ ನಕಲು ನಕಲೇ.

ತೊಂದರೆ ಎರಡು. ಜುಲೈ ಮಧ್ಯದಿಂದ ಆಗಸ್ಟ್ 20ರವರೆಗೆ ಸರ್ಲಾದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕೋದರಲ್ಲೇ ಬೆಳಗ್ಗೆ ಮುಗಿಯುತ್ತದೆ. ಮನೆ ಬಾಡಿಗೆಯೂ ಈ ನಾಲ್ಕರಲ್ಲಿ ಆಗ ಇಲ್ಲೇ ಜಾಸ್ತಿ. ಇಂಗ್ಲೆಂಡಿನವರು ಮನೆ ಮಾಡಿಕೊಂಡು ನೆಲೆಸಿರುವ ಜಿಲ್ಲೆ ಕೂಡ ಇದು, ಅದರಿಂದ ಒಂದು ಉಪಕಾರ ಏನೆಂದರೆ ಫ್ರೆಂಚ್ ಬಾರದೆಯೂ ಕೆಲಸ ನಡೆಯುತ್ತದೆ. ಎರಡನೆಯ ತೊಂದರೆ ಬಾತುಕೋಳಿ. ಇಲ್ಲಿ ಎಲ್ಲದರಲ್ಲೂ ಬಾತುಕೋಳಿ. ನಮ್ಮಮ್ಮ ಬಂದಾಗ, ಮೆನುವಿನಲ್ಲಿ ಆಲೂಗಡ್ಡೆ ಪಲ್ಯದ ಥರ ಏನೋ ಇದೆಯಲ್ಲ ಅಂತ ಖುಷಿಯಿಂದ ತರಿಸಿದೆ. ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು, ಅಂಚು ಗರಿಗರಿ. "ಮಾಂಸ ಇಲ್ಲ ತಾನೇ?" ಅಂದರೆ "ಇಲ್ಲವೇ ಇಲ್ಲ, ಬರೀ ಆಲೂಗಡ್ಡೆ" ಅಂದ ವೇಟರ್. ಅಮ್ಮ ಎರಡು ತುತ್ತು ತಿಂದ ಮೇಲೆ ನನಗೆ ಯಾಕೋ ಅನುಮಾನ ಬಂದು ಯಾವ ಎಣ್ಣೆ ಅಂತ ಕೇಳಿದೆ. ಬಾತುಕೋಳಿ ಕೊಬ್ಬು! ಅವನು ಸುಳ್ಳು ಹೇಳಲಿಲ್ಲ, ಅವನ ಲೆಕ್ಕದಲ್ಲಿ ಕೊಬ್ಬು ಮಾಂಸ ಅಲ್ಲ. ಸರ್ಲಾ ಶೈಲಿಯ ಆಲೂಗಡ್ಡೆ ಅಂದರೆ ಮಾಡೋದೇ ಹಾಗೆ. ಕೇಳೋದಿದ್ದರೆ ಕೊಬ್ಬಿನ ಬಗ್ಗೆ ಕೇಳಿ.

ಲೊಟ್: ಗೊತ್ತಾಗಲಿಲ್ಲ ಅಂದರೆ ಇಲ್ಲಿಗೆ

ನನ್ನ ಪಕ್ಷಪಾತ ಮುಚ್ಚಿಡೋದಿಲ್ಲ. ಮೊದಲ ಸಲ ಹಳ್ಳಿ ಕಡೆ ಹೋಗುವವರಿಗೆ ನಾನು ಹೇಳೋದು ಲೊಟ್. ದೋರ್ದೋನ್‌ಗೆ ಅಂತ ಬಂದವರು ನೋಡಿಕೊಂಡು ಹೋಗುವ ರೊಕಮದೂರ್, ಪದಿರಾಕ್ ಎರಡೂ ಇರೋದು ಈ ಜಿಲ್ಲೆಯಲ್ಲಿ. ಜನಸಂಖ್ಯೆ ಪಕ್ಕದ ದೋರ್ದೋನ್‌ನ ಅರ್ಧವೂ ಇಲ್ಲ, ಸುಮಾರು 1.75 ಲಕ್ಷ. ಕೇಂದ್ರವಾದ ಕಾಓರ್ ಪ್ಯಾರಿಸ್–ತುಲೂಜ್ ರೈಲು ಮಾರ್ಗದಲ್ಲೇ ಇದೆ. ಪ್ಯಾರಿಸ್‌ನಿಂದ ಐದು ಗಂಟೆ ಮೇಲೆ, ಕೂತು ಸುಸ್ತಾಗುತ್ತದೆ, ನಿಜ. ಆದರೆ ಇಳಿದು ಕಾಲು ಗಂಟೆ ನಡೆದರೆ 14ನೇ ಶತಮಾನದ ವಾಲಾಂತ್ರೆ ಸೇತುವೆ, ಮೂರು ಗೋಪುರ ಹೊತ್ತುಕೊಂಡು ಹೊಳೆ ಮೇಲೆ ನಿಂತಿರುತ್ತದೆ.

ರೊಕಮದೂರ್ ಬಂಡೆಗೆ ಕಟ್ಟಿದ ಯಾತ್ರಾಸ್ಥಳ. ಕೆಳಗಿನ ಬೀದಿಯಿಂದ ಗುಡಿಗಳಿಗೆ 216 ಮೆಟ್ಟಿಲು, ಹಿಂದೆ ಹರಕೆ ಹೊತ್ತವರು ಮಂಡಿಯೂರಿ ಹತ್ತುತ್ತಿದ್ದರು. ಅಪ್ಪ ಅಮ್ಮನನ್ನು ಹತ್ತಿಸಬೇಡಿ, ಲಿಫ್ಟ್ ಇದೆ. ಪದಿರಾಕ್ ಅಂದರೆ ನೆಲ ಬಾಯಿ ತೆರೆದಂತಿರುವ 75 ಮೀಟರ್ ಆಳದ ಗುಂಡಿ. ಅದರೊಳಗಿಳಿದು ಇನ್ನೂ ಕೆಳಗೆ, ಭೂಮಿಯ ಅಡಿಯ ಹೊಳೆಯಲ್ಲಿ ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಇಳಿಯಲು ಲಿಫ್ಟ್ ಇದ್ದರೂ ಒಳಗೆ ಮೆಟ್ಟಿಲು ಸಾಕಷ್ಟಿವೆ. ಮಂಡಿ ನೋವಿನವರು ಮೇಲೆ ಕಾಫಿ ಕುಡಿದುಕೊಂಡು ಕೂತಿರೋದು ಲೇಸು.

ನನಗೆ ಲೊಟ್ ಇಷ್ಟವಾಗೋದು ಮಾತ್ರ ಪೆಶ್ ಮೆರ್ಲ್‌ಗೆ. ಇದೂ ಊರಿನ ಹುಡುಗರೇ 1922ರಲ್ಲಿ ಹುಡುಕಿದ ಗುಹೆ. ಆದರೆ ಇಲ್ಲಿ ನೋಡೋದು ನಕಲಲ್ಲ, ಅಸಲಿ. ದಿನಕ್ಕೆ 700 ಜನರಿಗಷ್ಟೇ ಪ್ರವೇಶ. ಮೈತುಂಬ ಚುಕ್ಕಿ ಇರುವ ಎರಡು ಕುದುರೆಗಳು, ಸುಮಾರು 29,000 ವರ್ಷ ಹಳೆಯವು. ಒಂದರ ತಲೆ ಇರುವ ಕಡೆ ಬಂಡೆಯೇ ಕುದುರೆ ಮೂತಿಯ ಆಕಾರದಲ್ಲಿದೆ, ಚಿತ್ರ ಬರೆದವರು ಆ ಅಂಚನ್ನು ನೋಡಿಯೇ ಜಾಗ ಆರಿಸಿರಬೇಕು. ಸುತ್ತ ಕೈಗಳ ಗುರುತು. ಗೋಡೆಗೆ ಅಂಗೈ ಒತ್ತಿ, ಬಣ್ಣ ಊದಿ, ಕೈ ತೆಗೆದಾಗ ಉಳಿದ ಆಕಾರ. ಗೈಡ್ ಟಾರ್ಚ್ ಆರಿಸಿ ಮತ್ತೆ ಹಚ್ಚಿದಾಗ ನಮ್ಮ ಗುಂಪಿನ ಒಂದು ಮಗು ತನ್ನ ಕೈಯನ್ನು ಗಾಳಿಯಲ್ಲಿ ಆ ಕೈಗೆ ಅಳತೆ ಹಿಡಿದು ನೋಡುತ್ತಿತ್ತು.

ಊಟಕ್ಕೆ ಇಲ್ಲೂ ಬಾತುಕೋಳಿ ಕಾಟ ಇದೆ, ಸ್ವಲ್ಪ ಕಡಿಮೆ. ಬಿಲ್ಲೆಯಂಥ ಸಣ್ಣ ಆಡಿನ ಚೀಸ್, ವಾಲ್‌ನಟ್, ಆಗಸ್ಟ್‌ನಲ್ಲಿ ಕರ್ಬೂಜ ಸಿಗುತ್ತವೆ. ಚೀಸ್ ವಿಷಯದಲ್ಲಿ ಕಟ್ಟುನಿಟ್ಟಿನವರಿಗೆ ಒಂದು ಸೂಚನೆ: ಇಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಸಲು ಸಾಮಾನ್ಯವಾಗಿ ಬಳಸೋದು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಇದು ನಾಲ್ಕೂ ಜಿಲ್ಲೆಗಳಿಗೆ ಅನ್ವಯ.

ಎರಡೂ ಬೇಕು ಅನ್ನುವವರು ಗಡಿಯಲ್ಲಿ, ಅಂದರೆ ಸೂಯಾಕ್ ಅಥವಾ ಮಾರ್ತೆಲ್ ಸುತ್ತ ಮನೆ ಹಿಡಿಯಿರಿ. ಸರ್ಲಾಗೂ ರೊಕಮದೂರ್‌ಗೂ ಅಲ್ಲಿಂದ ಹೋಗಿ ಬರಬಹುದು. ಪೆಶ್ ಮೆರ್ಲ್ ಮಾತ್ರ ಆಗ ದೂರವಾಗುತ್ತದೆ.

ಅವೆರೋನ್: ಕಾರು ಬೇಕು, ಹಸಿವೂ ಬೇಕು

ರೊದೇಜ್ ಇದರ ಕೇಂದ್ರ, ಜನಸಂಖ್ಯೆ ಸುಮಾರು 2.8 ಲಕ್ಷ. ಜಾಗಗಳು ಒಂದರಿಂದ ಒಂದು ದೂರ. ಉತ್ತರದಲ್ಲಿ ಕೋಂಕ್, ದಕ್ಷಿಣದಲ್ಲಿ ಮಿಯೊ ಮತ್ತು ರೊಕ್‌ಫೋರ್, ನಡುವೆ ಎರಡು ಗಂಟೆ ತಿರುವಿನ ರಸ್ತೆ. ಕಾರಿನಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಯೋಚನೆ ಮಾಡಿ.

ಕೋಂಕ್‌ನ ಚರ್ಚಿನ ಬಾಗಿಲ ಮೇಲೆ 124 ಆಕೃತಿಗಳ ಕೊನೆಯ ತೀರ್ಪಿನ ಕೆತ್ತನೆ ಇದೆ, ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ನರಕ. ಬೇಲೂರು ಹಳೇಬೀಡು ನೋಡಿ ಬೆಳೆದವರಿಗೆ ಇಲ್ಲಿ ಹೊತ್ತು ಹೋಗೋದೇ ಗೊತ್ತಾಗಲ್ಲ. ನರಕದ ಕಡೆ ಸ್ವರ್ಗಕ್ಕಿಂತ ಜಾಸ್ತಿ ಚಟುವಟಿಕೆ ಇದೆ, ಎಲ್ಲ ಊರಲ್ಲೂ ಅಷ್ಟೇ ಅಲ್ವಾ. 2004ರಲ್ಲಿ ತೆರೆದ ಮಿಯೊ ಸೇತುವೆ 2,460 ಮೀಟರ್ ಉದ್ದ, ಅದರ ತುದಿ 343 ಮೀಟರ್ ಎತ್ತರ, ಐಫೆಲ್ ಗೋಪುರಕ್ಕಿಂತ ಜಾಸ್ತಿ. ಮೇಲೆ ಟೋಲ್ ಕೊಟ್ಟು ಹೋದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಸೇತುವೆ ಕಾಣೋದೂ ಇಲ್ಲ. ಕೆಳಗೆ ಕಣಿವೆಯ ಪೇರ್ ಹಳ್ಳಿಗೆ ಹೋಗಿ ತಲೆ ಎತ್ತಿ ನೋಡಿ, ಬಿಟ್ಟಿ.

ಇಲ್ಲಿನ ಲಾರ್ಜಾಕ್ ಬಯಲಿಗೆ ನಮ್ಮ ಕಡೆಯ ಒಂದು ನಂಟೂ ಇದೆ. 1971ರಲ್ಲಿ ಸರ್ಕಾರ ಅಲ್ಲಿನ ಮಿಲಿಟರಿ ಕ್ಯಾಂಪ್ ದೊಡ್ಡದು ಮಾಡಲು ಹೊರಟಾಗ ಕುರಿ ಸಾಕುವ ರೈತರು ತಿರುಗಿ ಬಿದ್ದರು. ವಾರ್ಧಾದಲ್ಲಿ ಗಾಂಧಿ ಜೊತೆ ಇದ್ದು ಬಂದಿದ್ದ ಲಾಂಜಾ ದೆಲ್ ವಾಸ್ತೊ 1972ರಲ್ಲಿ ಅಲ್ಲಿ 15 ದಿನ ಉಪವಾಸ ಕೂತರು. 103 ರೈತರು ನೆಲ ಮಾರಲ್ಲ ಅಂತ ಪ್ರಮಾಣ ಮಾಡಿದರು, ಐಫೆಲ್ ಗೋಪುರದ ಕೆಳಗೆ ಕುರಿ ಹೊಡೆದುಕೊಂಡು ಹೋದರು. ಹತ್ತು ವರ್ಷ ನಡೆದ ಜಗಳ. 1981ರಲ್ಲಿ ಮಿತ್ತೆರಾಂ ಅಧ್ಯಕ್ಷರಾದ ಮೇಲೆ ಯೋಜನೆ ಕೈಬಿಟ್ಟರು. ಆ ಬಯಲಲ್ಲಿ ಈಗಲೂ ಕುರಿಗಳೇ ಮೇಯುತ್ತಿವೆ, ಅವುಗಳ ಹಾಲೇ ರೊಕ್‌ಫೋರ್ ಚೀಸ್‌ಗೆ ಹೋಗೋದು.

ಸಸ್ಯಾಹಾರಿಗಳಿಗೆ ಬಿಸಿ ಬಿಸಿ ಊಟ ಅಂತ ಸಿಗೋದು ಈ ಜಿಲ್ಲೆಯಲ್ಲೇ: ಅಲಿಗೊ. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಕೆನೆ, ಬೆಳ್ಳುಳ್ಳಿ, ಹಸಿ ತೊಮ್ ಚೀಸ್ ಹಾಕಿ ದೊಡ್ಡ ಮರದ ಸೌಟಿನಲ್ಲಿ ತಿರುವುತ್ತಾರೆ. ತಿರುವುತ್ತಾ ತಿರುವುತ್ತಾ ಅದು ಎಳೆ ಬಂದು, ಸೌಟು ಎತ್ತಿದರೆ ಪಾತ್ರೆಯಿಂದ ತಲೆಯವರೆಗೆ ಪಟ್ಟಿಯಂತೆ ಜಗ್ಗುತ್ತದೆ. ನಮ್ಮಮ್ಮ ನೋಡಿ "ಇವನು ಮುದ್ದೆ ಕೋಲು ಹಿಡಿದಿರೋದೇ ಸರಿ ಇಲ್ಲ" ಅಂದರು, ಆದರೂ ಎರಡು ಸಲ ಹಾಕಿಸಿಕೊಂಡರು. ಜೊತೆಗೆ ಸಾಸೇಜ್ ಇಟ್ಟೇ ತರುತ್ತಾರೆ, ಬೇಡ ಅಂತ ಮೊದಲೇ ಹೇಳಿ.

ಮೇ ಕೊನೆಗೆ ಬರುವವರಾದರೆ ಒಬ್ರಾಕ್ ಪ್ರಸ್ಥಭೂಮಿಗೆ ಹೋಗಿ. ಮೇ 25ರ ಆಸುಪಾಸಿನಲ್ಲಿ ಹಸುಗಳಿಗೆ ಹೂವು, ಗಂಟೆ ಕಟ್ಟಿ ಬೇಸಿಗೆಯ ಹುಲ್ಲುಗಾವಲಿಗೆ ಹೊಡೆಯುತ್ತಾರೆ. ಕಂದು ಮೈ, ಕಾಡಿಗೆ ತೀಡಿದಂಥ ಕಣ್ಣು ಆ ಹಸುಗಳಿಗೆ.

ಲೊಜೇರ್: ಯಾರೂ ಇಲ್ಲ, ಅದಕ್ಕೇ

ಕೊಡಗಿಗಿಂತ ಸಾವಿರ ಚದರ ಕಿ.ಮೀ. ದೊಡ್ಡ ಜಿಲ್ಲೆ, 5,167. ಕೊಡಗಿನಲ್ಲಿ 2011ರ ಜನಗಣತಿಯಲ್ಲೇ ಐದೂವರೆ ಲಕ್ಷ ಜನ, ಇಲ್ಲಿ ಎಲ್ಲ ಸೇರಿ 77 ಸಾವಿರ ಮುಟ್ಟಲ್ಲ. ಫ್ರಾನ್ಸಿನ ಮುಖ್ಯ ಭೂಭಾಗದಲ್ಲಿ ಅತಿ ಕಡಿಮೆ ಜನರಿರುವ ಜಿಲ್ಲೆ ಇದು. ಮಾಂದ್ ಇದರ ಕೇಂದ್ರ, ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹೋಬಳಿ.

ಇಲ್ಲಿ ಕಾರಿಲ್ಲದೆ ಬರಬೇಡಿ. ಬಂದವರಿಗೆ ತಾರ್ನ್ ಹೊಳೆಯ ಕೊರಕಲು ಇದೆ, ಕೆಲವು ಕಡೆ ಗೋಡೆಗಳು 500 ಮೀಟರ್ ಎತ್ತರ. ಲಾ ಮಲೇನ್ ಹಳ್ಳಿಯಲ್ಲಿ ಚಪ್ಪಟೆ ದೋಣಿಯವರು ಕೂರಿಸಿಕೊಂಡು ಹೋಗುತ್ತಾರೆ, ನೀವು ಹುಟ್ಟು ಹಾಕಬೇಕಾಗಿಲ್ಲ. ಮೇಲೆ ಮೆಜಾಂ ಬಯಲು, ಮರವೇ ಇಲ್ಲದ ಹುಲ್ಲು, ಆಕಾಶದಲ್ಲಿ ರಣಹದ್ದು. ಹದ್ದುಗಳು ಇಲ್ಲಿಂದ ಅಳಿದುಹೋಗಿದ್ದವು, 1980ರ ದಶಕದಿಂದ ತಂದು ಬಿಟ್ಟು ಮತ್ತೆ ಬೆಳೆಸಿದ್ದಾರೆ. ಸೆವೆನ್ ರಾಷ್ಟ್ರೀಯ ಉದ್ಯಾನ 2018ರಿಂದ ಅಂತರರಾಷ್ಟ್ರೀಯ ಕತ್ತಲೆ ಆಕಾಶದ ಮೀಸಲು ಪ್ರದೇಶವೂ ಹೌದು. ಅಮಾವಾಸ್ಯೆ ನೋಡಿಕೊಂಡು ಬನ್ನಿ. ನಡೆಯುವವರಿಗೆ, 1878ರಲ್ಲಿ 'ಟ್ರೆಷರ್ ಐಲೆಂಡ್' ಕಾದಂಬರಿಯ ಲೇಖಕ ಸ್ಟೀವನ್ಸನ್ ಒಂದು ಕತ್ತೆ ಕಟ್ಟಿಕೊಂಡು ನಡೆದ ದಾರಿ ಈಗ ಗುರುತು ಹಾಕಿದ ಕಾಲುದಾರಿ. ಕತ್ತೆ ಬಾಡಿಗೆಗೂ ಸಿಗುತ್ತದೆ.

ಬಾಡಿಗೆ ಕಡಿಮೆ, ಆಗಸ್ಟ್‌ನಲ್ಲೂ ಹೆಚ್ಚಿನ ಕಡೆ ಜನಜಂಗುಳಿ ಇಲ್ಲ. ಆದರೆ ಹೋಟೆಲ್ ಕಡಿಮೆ, ಅಂಗಡಿ ಕಡಿಮೆ, ಡಾಕ್ಟರ್ ದೂರ. ಬಿಪಿ, ಶುಗರ್ ಇರುವ ಹಿರಿಯರ ಜೊತೆ ಮೊದಲ ಸಲಕ್ಕೆ ನಾನಂತೂ ಇಲ್ಲಿಗೆ ಹೇಳಲ್ಲ. ಏಪ್ರಿಲ್‌ನಲ್ಲೂ ಎತ್ತರದ ಕಡೆ ಹಿಮ ಬೀಳಬಹುದು.

ಈ ನಾಲ್ಕರ ಹೊರಗಿನ ಇನ್ನೆರಡು ಜಿಲ್ಲೆಗಳನ್ನೂ ಬೇಗ ಹೇಳಿಬಿಡುತ್ತೇನೆ, ಕೇಳೋರು ಇದ್ದಾರೆ. ಕಾಂತಾಲ್ ಹಳೇ ಜ್ವಾಲಾಮುಖಿಯ ಹಸಿರು ಬೆಟ್ಟಗಳ ಜಿಲ್ಲೆ, ಪ್ಲೋಂ ದ್ಯು ಕಾಂತಾಲ್ ತುದಿ 1,855 ಮೀಟರ್. ಬೆಟ್ಟ ಹತ್ತೋರಿಗೆ ಲೊಜೇರ್‌ಗಿಂತ ಒಂದು ಕೈ ಮೇಲೆ. ಕ್ರೋಜ್ ಬೇರೆಯೇ ಲೆಕ್ಕ. ಮನೆ ಬೆಲೆ ಇಡೀ ದೇಶದಲ್ಲೇ ತೀರಾ ಅಗ್ಗ ಇರುವ ಜಿಲ್ಲೆಗಳಲ್ಲಿ ಅದೊಂದು, ಲಾ ಸೂತೆರೇನ್ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು ಮೂರು ಗಂಟೆ. ಒಂದು ತಿಂಗಳು ಮನೆಯಿಂದ ಕೆಲಸ ಮಾಡಿಕೊಂಡು ಸುಮ್ನೆ ಇರೋಣ ಅನ್ನುವವರಿಗೆ ಸರಿ. ಒಬುಸೋನ್‌ನಲ್ಲಿ ಗೋಡೆಗೆ ತೂಗುಹಾಕುವ ಚಿತ್ರಗಂಬಳಿ ನೇಯ್ಗೆ ನೋಡಬಹುದು, 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಸುಬು. ಒಂದು ವಾರದ ಪ್ರವಾಸಕ್ಕೆ ಅಂತ ಹೋದರೆ ಮೂರನೇ ದಿನ ಏನು ಮಾಡೋದು ಅಂತ ಕೇಳ್ತೀರಿ.

ಹಾಗಾದರೆ ಯಾರು ಎಲ್ಲಿಗೆ? ಕಾರಿಲ್ಲ, ಮೂರೇ ದಿನ ಇದೆ ಅಂದರೆ ಸರ್ಲಾ, ಅಥವಾ ತುಲೂಜ್‌ನಿಂದ ಬರುವವರಾದರೆ ಕಾಓರ್. ಹಿರಿಯರೂ ಮಕ್ಕಳೂ ಕೂಡಿ ಒಂದು ವಾರ, ಜೂನ್ ಅಥವಾ ಸೆಪ್ಟೆಂಬರ್ ಅಂದರೆ ಲೊಟ್‌ನ ಉತ್ತರ ಭಾಗ. ಆಗಸ್ಟ್ ಬಿಟ್ಟು ಬೇರೆ ರಜೆ ಇಲ್ಲ, ದುಡ್ಡೂ ಅಷ್ಟಕ್ಕಷ್ಟೆ, ಮನೆಯವರೆಲ್ಲ ಗಟ್ಟಿಮುಟ್ಟು ಅಂದರೆ ಲೊಜೇರ್. ಎರಡನೇ ಸಲ ಬರುತ್ತಿರುವವರಿಗೆ, ತಿನ್ನೋದರಲ್ಲಿ ಆಸಕ್ತಿ ಇರುವವರಿಗೆ ಅವೆರೋನ್. ನಾಲ್ಕನ್ನೂ ಒಂದೇ ವಾರದಲ್ಲಿ ಮುಗಿಸೋ ಪ್ಲಾನ್ ಕಳಿಸಿ "ಹೇಗಿದೆ" ಅಂತ ಕೇಳಬೇಡಿ, ದಯವಿಟ್ಟು.

ಎಲ್ಲಿಗೇ ಹೋದರೂ ಹೋಟೆಲ್ ರೂಮಿಗಿಂತ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಅದಕ್ಕೆ ಇಲ್ಲಿ ಜೀತ್ ಅನ್ನುತ್ತಾರೆ, ಹೆಸರು ಕೇಳಿ ಹೆದರಬೇಡಿ. ಬೇಸಿಗೆಯಲ್ಲಿ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೇ ಕೊಡೋದು. ಹಾಸಿಗೆ ಬಟ್ಟೆಗೆ, ಕ್ಲೀನಿಂಗಿಗೆ ಬೇರೆ ದುಡ್ಡು ಇರಬಹುದು, ಕೇಳಿಕೊಳ್ಳಿ. ಕುಕ್ಕರ್ ಅಂತೂ ಇರಲ್ಲ. ಚಿಕ್ಕದೊಂದು ಹೊತ್ತುಕೊಂಡು ಹೋಗಿ, ಅಕ್ಕಿ ಬೇಳೆ ಸಾರಿನ ಪುಡಿ ಸಮೇತ. ಮಧ್ಯಾಹ್ನ ಹೊರಗೆ ತಿನ್ನೋದಾದರೆ 12ರಿಂದ 1.30ರೊಳಗೆ ಕೂತುಬಿಡಬೇಕು, ದಿನದ ಊಟ ಸಾಮಾನ್ಯವಾಗಿ 15ರಿಂದ 20 ಯೂರೋ. ಎರಡು ಗಂಟೆಗೆ ಹೋದರೆ ಅಡುಗೆಯವರು ಮನೆಗೆ ಹೋಗಿರುತ್ತಾರೆ.

ಅಂಗಡಿಗಳ ವಿಷಯ ನಾನು ಕಲಿತದ್ದು ಹೊಟ್ಟೆ ಕಾಯಿಸಿಕೊಂಡು. ಮೊದಲ ಸಲ ಲೊಜೇರ್‌ಗೆ ಹೋದಾಗ ಸಾಮಾನೆಲ್ಲ ಅಲ್ಲೇ ತಗೊಂಡರಾಯಿತು ಅಂದುಕೊಂಡು ಭಾನುವಾರ ಸಂಜೆ ನಾಲ್ಕಕ್ಕೆ ಮನೆ ಸೇರಿದೆವು. ಊರಲ್ಲಿ ಎಲ್ಲ ಮುಚ್ಚಿತ್ತು, ಮರುದಿನ ಸೋಮವಾರ ಬೇಕರಿಗೂ ರಜೆ. ಕೊನೆಗೆ ಪಕ್ಕದ ಹಳ್ಳಿಯ ಚೌಕದಲ್ಲಿ ಬ್ರೆಡ್ ಕೊಡೋ ಮಿಷಿನ್ ಒಂದು ಸಿಕ್ಕಿತು. ಒಂದು ಯೂರೋ ನಾಣ್ಯ ಹಾಕಿದರೆ ಉದ್ದನೆಯ ಬಗೆತ್ ದಬ್ ಅಂತ ಕೆಳಗೆ ಬೀಳುತ್ತದೆ. ಅಮ್ಮನ ಬ್ಯಾಗಿನಲ್ಲಿ ಚಟ್ನಿಪುಡಿ ಇತ್ತು, ಎರಡು ಹೊತ್ತು ಅದರಲ್ಲೇ ಕಳೆಯಿತು. ಶನಿವಾರ ದಾರಿಯಲ್ಲೇ, ದೊಡ್ಡ ಊರು ದಾಟುವ ಮೊದಲು, ವಾರದ ಸಾಮಾನು ತುಂಬಿಕೊಳ್ಳಿ. ಮಿಷಿನ್ ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ.

ಪದಿರಾಕ್, ಪೆಶ್ ಮೆರ್ಲ್, ಲಾಸ್ಕೋ ಮೂರಕ್ಕೂ ಬೇಸಿಗೆಯಲ್ಲಿ ಆನ್‌ಲೈನ್ ಟಿಕೆಟ್ ಮೊದಲೇ ಮಾಡಿಸಿ. ಪದಿರಾಕ್ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಹೊರಗೆ 35 ಡಿಗ್ರಿ ಇದ್ದರೂ ಗುಂಡಿಯೊಳಗೆ 13, ಅಮ್ಮನ ಸ್ವೆಟರ್ ಕಾರಿನಲ್ಲಿ ಬಿಟ್ಟು ಇಳಿಯಬೇಡಿ.